ಕೂಡಿ ಓದತಕ್ಕ ಕಾದಂಬರಿ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ, ಮೈಸೂರಿನ ನಮ್ಮ ಬಡಾವಣೆಯಲ್ಲಿ ಓದುವ ಹವ್ಯಾಸವುಳ್ಳ ಕೆಲವರು ಕಲೆತು, ತಿಂಗಳಿಗೊಂದು ಕಾದಂಬರಿಯನ್ನು ಅವರವರ ಮನೆಯಲ್ಲಿ ಓದಿಕೊಂಡು, ಕಡೆಯ ಭಾನುವಾರದ ಸಾಯಂಕಾಲ ಒಂದೆಡೆ ಕುಳಿತು ಅದರ ವಿಚಾರವಾಗಿ ಮಾತನಾಡೋಣವೆಂದು ನಿಶ್ಚಯಿಸಿದಾಗ, ಪುಸ್ತಕವನ್ನು ಆರಿಸುವ ಹೊಣೆಯನ್ನು ಅವರೆಲ್ಲರೂ ನನಗೇ ಒಪ್ಪಿಸಿದರು. ನಾನೂ ಅದನ್ನು ಸಂಕೋಚವಿಲ್ಲದೆ ವಹಿಸಿಕೊಂಡೆ. ಕನ್ನಡದ ಮುಖ್ಯ ಕಾದಂಬರಿಗಳು ಯಾವುವೆಂಬುದು ನನಗೆ ತಿಳಿದಿದ್ದಿತು. ಗುಲ್ವಾಡಿ ವೆಂಕಟರಾಯರು 1899ರಲ್ಲಿ ಪ್ರಕಟಿಸಿದ ‘ಇಂದಿರಾಬಾಯಿ’ಯಿಂದ ಮೊದಲ್ಗೊಂಡು ಇತ್ತೀಚಿನವರೆಗಿನ ಕೃತಿಗಳ ಪಟ್ಟಿಯೊಂದು ನನ್ನ ನೆನಪಿನಲ್ಲಿ ಸಿದ್ಧವಾಗಿಯೇ ಇದ್ದಿತು. ಉತ್ತಮ ಕಾದಂಬರಿ ಯಾವುದೆಂದು ಬಲ್ಲವನಿಗೆ ಹತ್ತು ಜನ ಕೂಡಿ ಓದತಕ್ಕ ಕಾದಂಬರಿ ಯಾವುದೆಂಬುದೂ ತಾನಾಗಿ ತಿಳಿಯುವುದೆಂದು ನಾನು ನಂಬಿದ್ದೆನು. ಆ ನಂಬಿಕೆ ಹೇಗೆ ಸಡಿಲಿತು, ಅದರ ಸ್ಥಾನದಲ್ಲಿ ಏನು ಬಂದು ನಿಂತಿತು ಎಂಬುದನ್ನು ಇಂಥ ಬಳಗಗಳನ್ನು ಕಟ್ಟಿಕೊಂಡಿರುವ ಇತರರ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾವು ಹನ್ನೊಂದು ಮಂದಿ. ಬ್ಯಾಂಕಿನಿಂದ ನಿವೃತ್ತರಾದವರು ಇಬ್ಬರು, ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರೊಬ್ಬರು, ವೃತ್ತದ ಬಳಿ ಹೊಲಿಗೆಯ ಅಂಗಡಿಯಿಟ್ಟುಕೊಂಡವರೊಬ್ಬರು, ಎಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಮತ್ತು ಅವಳ ತಾಯಿ, ತೋಟಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು, ಹೀಗೆ. ಎಲ್ಲರಿಗಿಂತ ಹಿರಿಯರು ಎಪ್ಪತ್ತೆಂಟು ವರ್ಷದ ಅಜ್ಜಿ. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳ ಹಾಳೆಗಳನ್ನು ಕತ್ತರಿಸಿ, ದಪ್ಪ ದಾರದಿಂದ ಹೊಲಿದು, ಸಕ್ಕರೆಯ ಚೀಲದ ಕಾಗದದಲ್ಲಿ ರಟ್ಟು ಕಟ್ಟಿ, ಅಂಥ ಕಟ್ಟುಗಳನ್ನು ಒಂದು ಪೆಟ್ಟಿಗೆಯ ತುಂಬ ಇಟ್ಟುಕೊಂಡಿದ್ದವರು. ನಮ್ಮ ಪೈಕಿ ಅತ್ಯಂತ ಹೆಚ್ಚು ಕಾದಂಬರಿಗಳನ್ನು ಓದಿದ್ದವರು ಅವರೇ ಎಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಏಕೆಂದರೆ ಮೊದಲ ವರ್ಷವೆಲ್ಲ ಅವರು ಬಾಯಿ ತೆರೆದವರೇ ಅಲ್ಲ.

ಮೊದಲನೆಯ ಪುಸ್ತಕವಾಗಿ ನಾನು ಆರಿಸಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದ ಆ ಮಹಾಕೃತಿಯಿಂದಲೇ ಬಳಗದ ಆರಂಭವಾಗಲೆಂಬುದು ನನ್ನ ಅಭಿಲಾಷೆಯಾಗಿದ್ದಿತು. ಅದು ಏಳುನೂರು ಪುಟಗಳ ಆಸುಪಾಸಿನ ಗ್ರಂಥ; ಒಬ್ಬ ನಾಯಕನಿಲ್ಲ, ಒಂದು ಕಥೆಯಿಲ್ಲ; ಹಳ್ಳಿಹಳ್ಳಿಗಳ ಒಡೆಯರೂ ಜೀತದಾಳುಗಳೂ ಅವರ ನಾಯಿಗಳೂ ಸಮಾನ ಗೌರವದಿಂದ ಒಳಗೆ ಬಂದು ಹೋಗುವ ಕಾಡು ಅದು. ತಿಂಗಳ ಕೊನೆಗೆ ಅದನ್ನು ಪೂರ್ತಿ ಓದಿ ಬಂದಿದ್ದವರು ನನ್ನನ್ನು ಸೇರಿಸಿಕೊಂಡು ಮೂವರು. ಉಳಿದವರು ತಲೆ ತಗ್ಗಿಸಿ ಕುಳಿತರು. ಹೊಲಿಗೆಯಂಗಡಿಯವರಂತೂ ಬರಲೇ ಇಲ್ಲ. ಮುಂದಿನ ತಿಂಗಳೂ ಅವರು ಕಾಣದಿರಲು, ನಾನೇ ಅಂಗಡಿಗೆ ಹೋಗಿ ವಿಚಾರಿಸಿದೆ. ಅವರು ಹೊಲಿಗೆಯಂತ್ರದಿಂದ ಕಾಲು ತೆಗೆಯದೆ, “ರಾತ್ರಿ ಒಂಬತ್ತಕ್ಕೆ ಅಂಗಡಿ ಹಾಕ್ತೀನಿ ಮೇಷ್ಟ್ರೇ, ಊಟ ಆದ್ಮೇಲೆ ಹತ್ತು ಪುಟ ಓದಿದ್ರೆ ಹೆಚ್ಚು. ಪೂರ್ತಿ ಓದ್ದೆ ಇದ್ದೋನು ಬಂದು ನಿಮ್ಮಗಳ ಮಧ್ಯೆ ಹೆಂಗೆ ಕೂತ್ಕೊಳ್ಳಲಿ?” ಎಂದರು. ಯಂತ್ರದ ಹಲಗೆಯ ಮೇಲೆ, ಸೀಮೆಸುಣ್ಣದ ಚೂರುಗಳ ಪಕ್ಕದಲ್ಲಿ, ಆ ಪುಸ್ತಕವಿದ್ದಿತು. ಅಳತೆಯ ಟೇಪಿನ ತುದಿಯನ್ನೇ ಗುರುತಿಗೆ ಇಟ್ಟಿದ್ದರು, ಇನ್ನೂರನೆಯ ಪುಟದ ಹತ್ತಿರ.

ರಾತ್ರಿಗೆ ಹತ್ತು ಪುಟದಂತೆ ಓದತಕ್ಕ ದುಡಿಮೆಗಾರನಿಗೆ ತಿಂಗಳಿಗೆ 300 ಪುಟವೇ ಪರಮಾವಧಿ. ಅಷ್ಟು ಸರಳವಾದ ಲೆಕ್ಕವನ್ನು ನಾನು ಹಾಕಿರಲಿಲ್ಲ. ಅಂದಿನಿಂದ ತಿಂಗಳ ಪುಸ್ತಕ 250 ಪುಟವನ್ನು ಮೀರಬಾರದೆಂದೂ, ಮೀರಿದರೆ ಎರಡು ಮೂರು ತಿಂಗಳಿಗೆ ಹಂಚಿಕೊಳ್ಳತಕ್ಕದ್ದೆಂದೂ ಕಟ್ಟುಮಾಡಿದೆವು. ಎರಡು ವರ್ಷಗಳ ತರುವಾಯ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೇ ಮತ್ತೆ ತೆಗೆದುಕೊಂಡು, ಮಳೆಗಾಲದ ಮೂರು ತಿಂಗಳು, ಹೊರಗೆ ಮಳೆ ಸುರಿಯುತ್ತಿರುವಾಗಲೇ ಓದಿದೆವು. ನಾಯಿಗುತ್ತಿಯ ನಾಯಿ ಹುಲಿಯ ತುಂಗೆಯ ಪ್ರವಾಹಕ್ಕೆ ಸಿಲುಕುವ ಭಾಗಕ್ಕೆ ಬಂದಾಗ, ತಮ್ಮ ಬಾಲ್ಯದ ನಾಯಿಯೊಂದರ ವಿಷಯವನ್ನು ಹೊಲಿಗೆಯಂಗಡಿಯವರು ಹೇಳತೊಡಗಿ, ನಡುವೆ ನಿಲ್ಲಿಸಿ, ಎದ್ದು ಹೋಗಿ ಜಗಲಿಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದರು.

ಗಾತ್ರದ ಪಾಠವನ್ನು ಕಲಿತ ಮೇಲೆ ನಾನು ತೆಳ್ಳನೆಯ ಪುಸ್ತಕಗಳನ್ನು ಹುಡುಕಿದೆ. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯನ್ನು ಎಲ್ಲರೂ ಎರಡೇ ದಿನಗಳಲ್ಲಿ ಓದಿ ಮುಗಿಸಿದರು, ಎಲ್ಲರ ಮನಸ್ಸೂ ಕಲಕಿತು, ಭಾನುವಾರ ಸೇರಿದಾಗ ಒಬ್ಬರಾದ ಮೇಲೊಬ್ಬರು, ಚೋಮನಿಗೆ ಆದ ಅನ್ಯಾಯ ಘೋರವಾದದ್ದೆಂದು ಒಂದೇ ಮಾತನ್ನು ಬೇರೆ ಬೇರೆ ಶಬ್ದಗಳಲ್ಲಿ ಹೇಳಿದರು, ಕಾಫಿ ಬರುವ ಹೊತ್ತಿಗೆ ಮಾತು ಮುಗಿದುಹೋಗಿದ್ದಿತು. ಉಳಿದ ಮುಕ್ಕಾಲು ಗಂಟೆಯನ್ನು ನಾನು ಉಪನ್ಯಾಸದಿಂದ ತುಂಬಿದೆ. ಹುಡುಗರಿಗೆ ಹೇಳುತ್ತಿದ್ದ ಪಾಠವನ್ನೇ ದೊಡ್ಡವರಿಗೆ ಹೇಳಿದೆ. ಅವರು ಗೌರವದಿಂದ ಕೇಳಿದರು. ಆ ಗೌರವವೇ ನನ್ನನ್ನು ಬಹಳ ಚುಚ್ಚಿತು.

ಇಷ್ಟು ದೊಡ್ಡ ಕೃತಿಯನ್ನು ಕುರಿತು ಹನ್ನೊಂದು ಜನ ವಯಸ್ಕರಿಗೆ ಅರ್ಧ ಗಂಟೆಯ ಮಾತೂ ಹುಟ್ಟದಿದ್ದುದು ಏಕೆಂದು ನಾನು ಬಹಳ ಆಲೋಚಿಸಿದೆ. ಉತ್ತರ ದೊರೆತದ್ದು ನನ್ನಿಂದಲ್ಲ, ಬ್ಯಾಂಕಿನಲ್ಲಿದ್ದವರೊಬ್ಬರಿಂದ. ವರ್ಷವೊಂದು ಕಳೆದ ಮೇಲೆ ಅವರು ಆ ಪುಸ್ತಕವನ್ನು ತಾವಾಗಿ ಇನ್ನೊಮ್ಮೆ ಓದಿ ಬಂದು, “ಭೂಮಿ ಸಿಕ್ಕುತ್ತೆ ಅಂತ ಮತ ಬಿಡೋದಕ್ಕೆ ಹೊರಟ ಚೋಮ ಪಂಜುರ್ಲಿ ಗುಡಿ ಹತ್ರ ಬಂದು ತಿರುಗಿಬಿಡ್ತಾನಲ್ಲ, ಅದು ಭಕ್ತಿಯೋ, ಭಯವೋ, ಇನ್ನೇನೋ? ನನಗೆ ಗೊತ್ತಾಗಲಿಲ್ಲ” ಎಂದರು. ನನಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಆ ಕಾದಂಬರಿಯ ಸಾರಾಂಶವನ್ನು ಕರಿಯ ಹಲಗೆಯ ಮೇಲೆ ಬರೆಯಿಸಿದ್ದೆನಾದರೂ, ಆ ಘಟ್ಟದಲ್ಲಿ ನಿಂತು ಚೋಮನ ಕಾಲುಗಳು ಹಿಂದಕ್ಕೆ ತಿರುಗಿದ್ದೇಕೆಂದು ನಾನಾಗಿ ಕೇಳಿಕೊಂಡಿರಲಿಲ್ಲ. ಆ ತಿಂಗಳು ಅದನ್ನೇ ಮತ್ತೆ ಓದಿದೆವು. ತನ್ನ ದೈವವನ್ನು ಬಿಟ್ಟರೆ ಅವನಿಗೆ ತನ್ನದೆಂಬುದು ಇನ್ನೇನೂ ಉಳಿದಿರಲಿಲ್ಲವೆಂದು ಒಬ್ಬರು. ಅವನನ್ನು ಕಟ್ಟಿಹಾಕಿದ ಸರಪಣಿಗಳಲ್ಲಿ ಆ ದೈವವೂ ಒಂದೆಂದು ಮತ್ತೊಬ್ಬರು. ಅವನ ದುಡಿಯ ಸದ್ದು ಆ ದೈವದ ಎದುರಿಗಲ್ಲದೆ ಬೇರೆಲ್ಲಿಯೂ ಅರ್ಥ ಪಡೆಯದೆಂದು ಮೂರನೆಯವರು. ಆ ಸಂಜೆ ದೀಪ ಹಚ್ಚಿದ ಮೇಲೂ ಯಾರೂ ಏಳಲಿಲ್ಲ.

ಅಂದಿನಿಂದ ನನ್ನ ಆಯ್ಕೆಗೆ ಒಂದು ಒರೆಗಲ್ಲು ದೊರೆತಂತಾಯಿತು. ಯಾವ ಕಾದಂಬರಿಯಲ್ಲಿ ನನಗೇ ಉತ್ತರ ತಿಳಿಯದ ಒಂದು ಪ್ರಶ್ನೆ, ಅದರಲ್ಲಿಯೂ ಒಬ್ಬ ಮನುಷ್ಯನ ನಡತೆಯನ್ನು ಕುರಿತ ಪ್ರಶ್ನೆ ಎದುರಾಗುವುದೋ ಅದನ್ನು ಬಳಗದ ಮುಂದಿಡುವುದು. ಯಾವುದನ್ನು ಕುರಿತು ನನ್ನಲ್ಲಿ ಸಿದ್ಧವಾದ ಉಪನ್ಯಾಸವಿದೆಯೋ ಅದನ್ನು, ಎಷ್ಟೇ ಶ್ರೇಷ್ಠವಾಗಿರಲಿ, ಅಂಥ ಪ್ರಶ್ನೆ ಹೊಳೆಯುವವರೆಗೆ ತಡೆದಿಡುವುದು. ಪ್ರಶಸ್ತಿ ಬಂದಿದೆಯೆಂಬುದಾಗಲಿ, ವಿಮರ್ಶಕರು ಕೊಂಡಾಡಿದ್ದಾರೆಂಬುದಾಗಲಿ ಈ ವಿಷಯದಲ್ಲಿ ಸಹಾಯಕ್ಕೆ ಬಾರದು.

ಈ ಒರೆಗಲ್ಲಿಗೆ ಹಚ್ಚಿ ಆರಿಸಿದ ಮೊದಲನೆಯದು ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’. ನಂಜನಗೂಡೂ ಕಪಿಲೆಯೂ ನಮಗೆ ನೆರೆಯ ಮನೆಯಷ್ಟು ಹತ್ತಿರ. ಗಂಡ ನದಿಯ ಪಾಲಾದ ಮೇಲೆ ಕಾತ್ಯಾಯಿನಿ ಓದಲೆಂದು ಮೈಸೂರಿಗೆ ಬರುವ ದಾರಿಯಲ್ಲಿ ನಾವೆಲ್ಲರೂ ಎಷ್ಟೋ ಸಲ ಓಡಾಡಿದವರು. ಆದರೆ ಆ ಸಂಜೆಯನ್ನು ನಾನು ಮರೆಯದಿರುವುದು ಸ್ಥಳಪರಿಚಯದ ಕಾರಣದಿಂದಲ್ಲ. ಮರುವಿವಾಹವಾದ ಕಾತ್ಯಾಯಿನಿ ತನ್ನ ಮಗುವನ್ನು ಮಾವ ಶ್ರೀನಿವಾಸ ಶ್ರೋತ್ರಿಗಳ ಮನೆಯಲ್ಲಿಯೇ ಬಿಟ್ಟು ಬಾಳಬೇಕಾದ ಪ್ರಸಂಗವನ್ನು ಕುರಿತು ಮಾತು ನಡೆದಾಗ, ಎಂಜಿನಿಯರಿಂಗ್ ಹುಡುಗಿಯ ತಾಯಿ, “ಶ್ರೋತ್ರಿಗಳು ಅವಳನ್ನ ಬಲವಂತ ಮಾಡಲಿಲ್ಲವಲ್ಲ. ಅಂಥ ಮಾವ ಎಷ್ಟು ಜನಕ್ಕೆ ಸಿಕ್ತಾರೆ?” ಎಂದರು. ಒಂದೇ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಮಗಳು, ತಾಯಿಯ ಕಡೆ ನೋಡದೆ, “ಅಷ್ಟು ದೊಡ್ಡವರು ಬಲವಂತ ಮಾಡದೆ ಸುಮ್ಮನೆ ಇರೋದೂ ಒಂದು ಬಲವಂತಾನೇ ಅಮ್ಮ” ಎಂದಳು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ತಾಯಿ, ಸಿಟ್ಟಿಲ್ಲದೆ, “ನೀನು ಇದನ್ನ ಮನೇಲಿ ಯಾವತ್ತೂ ಹೇಳಿಲ್ಲ” ಎಂದರು. ಅವರು ಮಾತನಾಡುತ್ತಿದ್ದುದು ಕಾತ್ಯಾಯಿನಿಯ ವಿಷಯವನ್ನೋ, ಮತ್ತೇನನ್ನೋ ಎಂಬುದು ನನಗೆ ತಿಳಿಯಲಿಲ್ಲ. ತಿಳಿಯಬೇಕಾದ ಆವಶ್ಯಕತೆಯೂ ಇರಲಿಲ್ಲ. ನೇರವಾಗಿ ಆಡಲಾರದ ಮಾತನ್ನು ಆಡಲು ಒಂದು ಕಾದಂಬರಿ ಅವರಿಬ್ಬರಿಗೆ ಎಡೆ ಮಾಡಿಕೊಟ್ಟಿದ್ದಿತು.

ಉತ್ತರ ತಿಳಿಯದ ಪ್ರಶ್ನೆ ಬೇಕೆಂದು ನಾನು ಹೇಳಿದುದನ್ನು, ಜಗಳ ಹುಟ್ಟಿಸುವ ಪುಸ್ತಕವನ್ನು ಆರಿಸಬೇಕೆಂದು ತಿಳಿಯಬಾರದು. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ತೆಗೆದುಕೊಂಡ ತಿಂಗಳು ಇದರ ಅನುಭವವಾಯಿತು. 1965ರಲ್ಲಿ ಪುಸ್ತಕವಾಗಿಯೂ 1970ರಲ್ಲಿ ಚಲನಚಿತ್ರವಾಗಿಯೂ ಬಂದು, ಎರಡು ಸಲವೂ ವಾದಕ್ಕೆ ಕಾರಣವಾದ ಕೃತಿ ಅದು. ನಮ್ಮಲ್ಲಿ ಕೆಲವರು ಅದನ್ನು ಓದುವುದಕ್ಕೆ ಮುಂಚೆಯೇ ತೀರ್ಪು ಬರೆದುಕೊಂಡು ಬಂದಿದ್ದರು. ಮೊದಲ ಅರ್ಧ ಗಂಟೆ ಪುಸ್ತಕದ ಹೊರಗೆಯೇ ಕಳೆಯಿತು. ಆಗ ತೋಟಗಾರಿಕೆಯವರು, ಇನ್ನು ಮುಂದೆ ಯಾರು ಏನು ಹೇಳಿದರೂ ಅದು ಇರುವ ಪುಟವನ್ನು ತೆರೆದು ತೋರಿಸಿ ಹೇಳತಕ್ಕದ್ದೆಂದು ಸೂಚಿಸಿದರು. ಆ ಒಂದು ನಿಯಮದಿಂದ ಸಭೆಯ ಸ್ವರವೇ ಬದಲಾಯಿತು. ಕಾದಂಬರಿಯ ಕೊನೆಯಲ್ಲಿ ಅಗ್ರಹಾರದ ಕಡೆಗೆ ಹೊರಟ ಗಾಡಿಯಲ್ಲಿ ಕುಳಿತ ಪ್ರಾಣೇಶಾಚಾರ್ಯರು ಅಲ್ಲಿ ಹೋಗಿ ಏನು ಹೇಳಿಯಾರು ಎಂಬುದನ್ನು ಕುರಿತು, ಮೊದಲು ಕೂಗಾಡಿದವರೇ ತಗ್ಗಿದ ದನಿಯಲ್ಲಿ ಮಾತನಾಡಿದರು.

ಅಜ್ಜಿ ಬಾಯಿ ತೆರೆದದ್ದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಓದಿದ ತಿಂಗಳು. ನಿಜವಾಗಿ ಬಾಳಿ ಹೋದ ಬಾಲವಿಧವೆಯೊಬ್ಬಳ ಜೀವನವನ್ನು ಆಧರಿಸಿ 1976ರಲ್ಲಿ ಬಂದ ಈ ಪುಸ್ತಕವನ್ನು ನಾನು ಆರಿಸಿದ್ದು ಸ್ವಲ್ಪ ಅಳುಕಿನಿಂದಲೇ. ಇದರ ಭಾಷೆ ಅಲಂಕಾರವಿಲ್ಲದ್ದು, ಅಡುಗೆಮನೆಯಲ್ಲಿ ಕುಳಿತು ಹೇಳಿದಂತಿರುವುದು. ಪಾಠ ಹೇಳುವವನ ಕಣ್ಣಿಗೆ ಇಂಥದು ಬೇಗ ಬೀಳುವುದಿಲ್ಲ. ಇಷ್ಟು ಸಹಿಸಿಕೊಂಡಿದ್ದವಳು ಒಂದು ಸಲವಾದರೂ ಏಕೆ ಎದುರಾಡಲಿಲ್ಲವೆಂದು ಹುಡುಗಿ ಕೇಳಿದಳು. ಅಜ್ಜಿ ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸುತ್ತ, ತಮ್ಮ ಸೋದರತ್ತೆಯೊಬ್ಬರಿದ್ದುದನ್ನು, ತಾವು ಐದಾರು ವರ್ಷದವರಿದ್ದಾಗ ಕ್ಷೌರಿಕ ಹಿತ್ತಲ ಬಾಗಿಲಿನಿಂದ ಬರುತ್ತಿದ್ದುದನ್ನು, ಆ ದಿನ ಮಕ್ಕಳು ಯಾರೂ ಹಿತ್ತಲಿಗೆ ಹೋಗಕೂಡದೆಂದು ಅಡ್ಡಗೋಲು ಹಾಕುತ್ತಿದ್ದುದನ್ನು, ಬಾಗಿಲಿನ ಸಂದಿನಿಂದ ತಾವು ಕಂಡದ್ದು ಅತ್ತೆಯ ಕೆಂಪು ಸೀರೆಯ ಬೆನ್ನೂ ಪಕ್ಕದಲ್ಲಿದ್ದ ಹಿತ್ತಾಳೆಯ ತಂಬಿಗೆಯೂ ಮಾತ್ರವೆಂಬುದನ್ನು ಹೇಳಿದರು. “ನಮ್ಮತ್ತೆ ಎದುರಾಡಿದ್ದನ್ನ ನಾನು ನೋಡಲಿಲ್ಲ ಕಣಮ್ಮ. ಆದರೆ ನನ್ನನ್ನ ಸ್ಕೂಲು ಬಿಡಿಸಬಾರದು ಅಂತ ನಮ್ಮಪ್ಪನ ಹತ್ತಿರ ಹಟ ಹಿಡಿದು ಎರಡು ದಿನ ಊಟ ಬಿಟ್ಟೋರು ಅವರೇ. ಫಣಿಯಮ್ಮ ದಾಕ್ಷಾಯಣಿ ಪರವಾಗಿ ನಿಂತ್ಕೊಳ್ತಾಳಲ್ಲ, ಆ ಹುಡುಗಿ ತಲೆ ಬೋಳಿಸೋದು ಬೇಡ ಅಂತ, ಅದನ್ನ ಓದ್ತಾ ನನಗೆ ಅತ್ತೆ ಅರ್ಥವಾದರು. ಅವರು ಹೋಗಿ ನಲವತ್ತು ವರ್ಷ ಆಯ್ತು.” ನಮ್ಮ ಬಳಗದಲ್ಲಿ ಓದಿದ ಪುಸ್ತಕಗಳ ಪೈಕಿ ಯಾವುದು ಉತ್ತಮವೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಹಿತ್ತಾಳೆಯ ತಂಬಿಗೆ.

ನಡುವೆ ಕೆಲವು ಸಣ್ಣ ವಿಷಯಗಳನ್ನು ಹೇಳಿ ಮುಗಿಸುತ್ತೇನೆ. ಪ್ರತಿಗಳು ದೊರೆಯುತ್ತವೆಯೇ ಎಂಬುದನ್ನು ವಿಚಾರಿಸದೆ ಪುಸ್ತಕವನ್ನು ಘೋಷಿಸಬಾರದು. ಒಮ್ಮೆ ಹೀಗೆ ಘೋಷಿಸಿದ ಕಾದಂಬರಿಯ ಎರಡೇ ಪ್ರತಿಗಳು ಊರೆಲ್ಲ ಹುಡುಕಿದರೂ ಸಿಕ್ಕಿ, ಅವುಗಳಲ್ಲೊಂದಕ್ಕೆ ಕೊನೆಯ ಹದಿನಾರು ಪುಟಗಳೇ ಇರಲಿಲ್ಲ. ಬೇರೆ ಬೇರೆ ಮುದ್ರಣಗಳಲ್ಲಿ ಪುಟದ ಅಂಕಿ ಕೂಡಿಬರುವುದಿಲ್ಲವಾದುದರಿಂದ ಅಧ್ಯಾಯವನ್ನು ಹೇಳುವುದು ಲೇಸು. ಅಚ್ಚಿನ ಅಕ್ಷರ ಬಹಳ ಸಣ್ಣದಿದ್ದರೆ ವಯಸ್ಸಾದವರು ಸುಮ್ಮನೆ ಬಿಟ್ಟುಬಿಡುತ್ತಾರೆ, ಕಾರಣವನ್ನು ಹೇಳುವುದಿಲ್ಲ.

ಇನ್ನು ನಾನು ಮಾಡಿದ ದೊಡ್ಡ ತಪ್ಪಿನ ವಿಷಯ. ಕಾಲೇಜಿನಲ್ಲಿದ್ದಾಗ, ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಬಹುವಾಗಿ ಮೆಚ್ಚಿದ್ದ ಒಂದು ಕಾದಂಬರಿಯನ್ನು ನೆನಪಿನ ಬಲದಿಂದಲೇ ಆರಿಸಿದೆ; ಅದರ ಹೆಸರು ಇಲ್ಲಿ ಬೇಡ. ಬೇರೆ ಕೆಲಸಗಳ ನಡುವೆ ಅದನ್ನು ಪುನಃ ಓದುವುದಕ್ಕೆ ನನಗೆ ಬಿಡುವಾಗಲಿಲ್ಲ. ಓದಿದ್ದೇನಲ್ಲ ಎಂಬ ಧೈರ್ಯವಿದ್ದಿತು. ಭಾನುವಾರ ಎಲ್ಲರೂ ಶೈಲಿಯನ್ನು ಹೊಗಳಿದ ಮೇಲೆ, ನರ್ಸಮ್ಮನವರು ಪುಸ್ತಕವನ್ನು ತೆರೆದು ಮಂಡಿಯ ಮೇಲಿಟ್ಟುಕೊಂಡು, ಮೆಲ್ಲನೆ, “ಈ ಎರಡು ಪುಟದಲ್ಲಿ ಗದ್ದೆ ಕೆಲಸಕ್ಕೆ ಬರೋ ಹೆಂಗಸಿದ್ದಾಳಲ್ಲ, ಎಲ್ಲರೂ ನಗಲಿ ಅಂತ ಬರೆದಿರೋದು, ಅವಳು ನಮ್ಮವ್ವ ಮೇಷ್ಟ್ರೇ. ಇದನ್ನ ಓದಿಯೇ ಆರಿಸಿದ್ರಾ?” ಎಂದರು. ನಾನು ಇದ್ದುದನ್ನು ಇದ್ದಂತೆ ಹೇಳಿದೆ. ನಲವತ್ತು ವರ್ಷದಿಂದ ಓದಿಲ್ಲವೆಂದೆ. ಅವರು ಪುಸ್ತಕವನ್ನು ಮುಚ್ಚಿದರು. ಮನೆಗೆ ಬಂದು ಆ ಎರಡು ಪುಟಗಳನ್ನು ಓದಿದಾಗ, ಇಪ್ಪತ್ತೆರಡರ ವಯಸ್ಸಿನಲ್ಲಿ ಅಲ್ಲಿ ನಾನೂ ನಕ್ಕಿದ್ದೆನೆಂಬುದು ಸ್ಪಷ್ಟವಾಗಿ ನೆನಪಿಗೆ ಬಂದಿತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮೂರು ತಿಂಗಳು ಅವರು ಬರಲಿಲ್ಲ. ಕಡೆಗೆ ನಾನು ಅವರ ಮನೆಗೆ ಹೋಗಿ, ಇನ್ನು ಮೇಲೆ ನೋವಾಗುವಂಥ ಪುಸ್ತಕಗಳನ್ನು ಆರಿಸುವುದಿಲ್ಲವೆಂದು ಹೇಳಿದೆ. ಅವರು ತಕ್ಷಣವೇ, “ಹಂಗಲ್ಲ ಮೇಷ್ಟ್ರೇ. ಕಷ್ಟ ಇರೋ ಪುಸ್ತಕ ಬೇಡ ಅಂತ ನಾನು ಅಂದೇ ಇಲ್ಲ. ‘ಚೋಮನ ದುಡಿ’ ಓದಿದಾಗ ನಾನು ಎದ್ದು ಹೋದ್ನಾ? ಇದನ್ನ ಬರೆದೋರಿಗೆ ಅವಳ ಮುಖಾನೇ ಕಂಡಿಲ್ಲ, ಅಷ್ಟೇ” ಎಂದರು. ಅದಕ್ಕಿಂತ ಸೂಕ್ಷ್ಮವಾದ ವಿಮರ್ಶೆಯನ್ನು ನಾನು ಓದಿದ್ದು ಅಪರೂಪ. ಈಗ ನಾನು ಬಳಗಕ್ಕೆ ಸೂಚಿಸುವ ಯಾವ ಕಾದಂಬರಿಯನ್ನೇ ಆಗಲಿ ಅದೇ ತಿಂಗಳು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಓದುತ್ತೇನೆ; ಓದುವಾಗ ಬಳಗದ ಒಬ್ಬೊಬ್ಬರನ್ನೂ ಎದುರಿಗೆ ಕೂಡಿಸಿಕೊಂಡು, ಈ ಪುಟ ಇವರಿಗೆ ಹೇಗೆ ಕಂಡೀತೆಂದು ನಿಂತು ನಿಂತು ನೋಡುತ್ತೇನೆ. ಓದು ನಿಧಾನವಾಗುತ್ತದೆ. ಎಷ್ಟೋ ಬಾರಿ, ನನಗೆ ಚಿರಪರಿಚಿತವೆಂದುಕೊಂಡಿದ್ದ ಪುಸ್ತಕ ಹೊಸದಾಗಿ ತೆರೆದುಕೊಳ್ಳುತ್ತದೆ.

ನರ್ಸಮ್ಮನವರ ಮನೆಗೆ ಹೋದ ದಿನವೇ, ಆಯ್ಕೆಯ ಹೊಣೆ ಇನ್ನು ಸರದಿಯಂತೆ ಎಲ್ಲರಿಗೂ ಸಲ್ಲಲಿ, ಮೊದಲನೆಯ ಸರದಿ ನಿಮ್ಮದಾಗಲಿ ಎಂದು ಅವರನ್ನು ಕೇಳಿಕೊಂಡೆ. ಅವರು ಆರಿಸಿದ್ದು ದೇವನೂರ ಮಹಾದೇವರ ‘ಕುಸುಮಬಾಲೆ’. ನಿಜ ಹೇಳಬೇಕೆಂದರೆ ಆ ಪುಸ್ತಕ ನನ್ನ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದಿತು, ಮೊದಲಿನಿಂದಲೂ ಅದನ್ನು ನಾನು ಹಿಂದಕ್ಕೆ ಸರಿಸುತ್ತಲೇ ಬಂದಿದ್ದೆ. ನಂಜನಗೂಡಿನ ಸೀಮೆಯ ಆಡುನುಡಿಯಲ್ಲಿ ಬರೆದದ್ದು, ನಮ್ಮವರಿಗೆ ಕಠಿನವಾದೀತು, ಟಿಪ್ಪಣಿಯಿಲ್ಲದೆ ಅರ್ಥವಾಗದು ಎಂಬುದು ನನ್ನ ಶಂಕೆಯಾಗಿದ್ದಿತು. ಎಲ್. ಬಸವರಾಜು ಅವರಂಥ ವಿದ್ವಾಂಸರು ಅದರ ಗದ್ಯವನ್ನು ಕಾವ್ಯದ ಸಾಲುಗಳಂತೆ ವಿಂಗಡಿಸಿ ಜೋಡಿಸಿದ್ದರೆಂಬುದನ್ನು ಬಲ್ಲೆನಾದರೂ, ಅವರು ಕೇಳಿಸಿಕೊಂಡ ಲಯವನ್ನು ನನ್ನ ಕಿವಿ ಕೇಳಿರಲಿಲ್ಲ. ನರ್ಸಮ್ಮನವರು ನಂಜನಗೂಡು ತಾಲ್ಲೂಕಿನ ಹಳ್ಳಿಯವರೇ. “ಯಾರೂ ಮನೇಲಿ ಓದ್ಕೊಂಡು ಬರೋದು ಬೇಡಿ. ನಾನು ಓದ್ತೀನಿ, ನೀವು ಕೇಳಿ” ಎಂದರು.

ನಮ್ಮ ನಾಡಿನಲ್ಲಿ ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸನನ್ನು ಓದುತ್ತಿರಲು ಹತ್ತಾರು ಜನ ಸುತ್ತ ಕುಳಿತು ಕೇಳುತ್ತಿದ್ದ ಕಾಲದಲ್ಲಿ, ಆ ಕೇಳುಗರಲ್ಲಿ ಅನೇಕರಿಗೆ ಅಕ್ಷರವೇ ಬರುತ್ತಿರಲಿಲ್ಲ. ಆದರೂ ಅವರನ್ನು ರಸಿಕರಲ್ಲವೆನ್ನಲು ಯಾರಿಗೂ ಬಾಯಿ ಬಾರದು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆನು. ಕಾದಂಬರಿಯನ್ನೂ ಹಾಗೆ ಕೇಳಬಹುದೆಂದು ಮಾತ್ರ ತೋಚಿರಲಿಲ್ಲ.

ಅವರು ಓದತೊಡಗಿದಾಗ ಸಂಜೆಯ ನಾಲ್ಕೂವರೆ. ಅಚ್ಚಿನಲ್ಲಿ ನನ್ನನ್ನು ತಡೆದು ನಿಲ್ಲಿಸುತ್ತಿದ್ದ ಶಬ್ದಗಳು ಅವರ ಬಾಯಲ್ಲಿ ನೀರಿನಂತೆ ಹರಿದವು. ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ನಮ್ಮೊಡನೆ ಅವರು ಆಡುತ್ತಿದ್ದ ಕನ್ನಡ ಇದಾಗಿರಲಿಲ್ಲ. ಇದು ಅವರು ತಮ್ಮ ತಾಯಿಯೊಡನೆ ಆಡುತ್ತಿದ್ದ ಕನ್ನಡ. ಹೊಲಿಗೆಯಂಗಡಿಯವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಮನೆಮನೆಯ ದೀಪದ ಜೋತಮ್ಮಗಳು ರಾತ್ರಿಯಲ್ಲಿ ಒಂದೆಡೆ ಕಲೆತು ತಂತಮ್ಮ ಮನೆಗಳ ಸುದ್ದಿಯನ್ನು ಮಾತನಾಡಿಕೊಳ್ಳುವ ಭಾಗ ಬಂದಿತು. ಅದನ್ನು ಓದಿ ಮುಗಿಸಿ ಅವರು ನೀರು ಕುಡಿಯಲು ನಿಲ್ಲಿಸಿದಾಗ, ಅಜ್ಜಿ, “ದೀಪ ಆರಿಸು ಅಂತ ಬಾಯಲ್ಲಿ ಅನ್ನಕೂಡದು ಅಂತ ನಮ್ಮಮ್ಮ ಬಯ್ಯೋರು. ಯಾಕೆ ಅಂತ ಯಾರೂ ಹೇಳಿರಲಿಲ್ಲ” ಎಂದು, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, “ಇನ್ನೊಂದು ಸಲ ಓದಮ್ಮ, ಆ ಜೋತಮ್ಮಗಳು ಬಂದು ಸೇರ್ತಾವಲ್ಲ, ಅಲ್ಲಿಂದಲೇ” ಎಂದರು.

ನರ್ಸಮ್ಮನವರು ಲೋಟವನ್ನು ಕೆಳಗಿಟ್ಟು, ಎರಡು ಹಾಳೆಗಳನ್ನು ಹಿಂದಕ್ಕೆ ತಿರುವಿದರು.